ಓವನ್‌ನಲ್ಲಿಟ್ಟ ತರಕಾರಿ ಯಾಕೆ ಹುರಿಯಲ್ಲ, ಬರೀ ಬೇಯುತ್ತೆ?

ಹೊಸದಾಗಿ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಪುಟ್ಟ ಕರೆಂಟ್ ಓವನ್) ತಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಎಣ್ಣೆ ಕಮ್ಮಿ ಆಗ್ಲಿ, ಸಂಜೆ ಅಡುಗೆ ಹಗುರಾಗ್ಲಿ ಅಂತ ತರಕಾರಿ ಹೆಚ್ಚಿ ಇಟ್ರೆ, ಸಾರಿಂದ ಸೋಸಿ ತೆಗೆದ ಹೋಳಿನ ಹಾಗೆ ಮೆತ್ತಗೆ ಬರುತ್ತೆ. ಅಂಚು ಕೆಂಪಗಾಗೋದೇ ಇಲ್ಲ. ಇನ್ನರ್ಧ ಗಂಟೆ ಬಿಟ್ರೆ ಒಣಗಿ ತೊಗಲಾಗುತ್ತೆ. ಎಲ್ಲಿ ತಪ್ಪು?" ಹಾಸನದವರೂ ಇದನ್ನೇ ಕೇಳ್ತಾರೆ, ಚಿಕ್ಕಮಗಳೂರಿನವರೂ ಇದನ್ನೇ. ಮಳೆಗಾಲದಲ್ಲಿ ಕೇಳುವವರು ಇನ್ನೂ ಜಾಸ್ತಿ.

ತಪ್ಪು ನೀರಿನದು. ನಮ್ಮಲ್ಲಿ ಇದಕ್ಕೆ ಬೇರೆ ಬೇರೆ ಮಾತೇ ಇದೆಯಲ್ಲ: ನೀರಲ್ಲೋ ಆವಿಯಲ್ಲೋ ಆದರೆ ಬೇಯೋದು, ಬಾಣಲೆಯ ಒಣ ಬಿಸಿಯಲ್ಲಾದರೆ ಹುರಿಯೋದು, ಕೆಂಡದಲ್ಲಾದರೆ ಸುಡೋದು. ಓವನ್‌ನಲ್ಲಿ ರೋಸ್ಟ್ ಮಾಡೋದು ಹುರಿಯೋದಕ್ಕೂ ಸುಡೋದಕ್ಕೂ ನಡುವಿನದು. ಆದರೆ ಹೋಳಿನ ಮೈಮೇಲೆ ತೇವ ಇರುವ ತನಕ ಅಲ್ಲಿ ನಡೆಯೋದು ಬೇಯುವ ಕೆಲಸ ಮಾತ್ರ, ಗುಂಡಿ 220 ಡಿಗ್ರಿಗೆ ತಿರುಗಿಸಿದ್ದರೂ ಅಷ್ಟೆ.

ಒದ್ದೆ ಮೈ ನೀರಿನ ಕುದಿಬಿಂದು ದಾಟಿ ಬಿಸಿಯಾಗೋದಿಲ್ಲ. ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಹೋಳು ಕೆಂಪಗಾಗಿ ಹುರಿದ ಘಮ ಬರಬೇಕಾದರೆ 140 ಡಿಗ್ರಿ ದಾಟಬೇಕು. ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು, ಸಕ್ಕರೆ ಮತ್ತು ಅಮೈನೋ ಆಮ್ಲ (ಪ್ರೋಟೀನಿನ ತುಣುಕು) ಬಿಸಿಗೆ ಸೇರಿ ಬಣ್ಣ ಕಟ್ಟೋದು. ನಡುವಿನ ಗೋಡೆ ಆವಿ. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 72 ಕ್ಯಾಲೊರಿಯಷ್ಟು ಶಾಖ ಸಾಕು, ಅದೇ ಗ್ರಾಂ ನೀರನ್ನು ಆವಿ ಮಾಡಲು ಸುಮಾರು 540 ಬೇಕು. ತೊಳೆದು ಹಾಗೇ ಟ್ರೇಗೆ ಸುರಿದ ತರಕಾರಿ ಓವನ್‌ನ ಬಿಸಿಯನ್ನೆಲ್ಲ ಈ ಲೆಕ್ಕಕ್ಕೇ ನುಂಗುತ್ತೆ.

ಹಾಗಾಗಿ ಮೊದಲು ಒರೆಸಿ. ಬೇಸಿಗೆಯಲ್ಲಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಆಷಾಢದಲ್ಲಿ ಬಟ್ಟೆಯೇ ಒಣಗಿರೋದಿಲ್ಲ, ಆಗ ಹೆಚ್ಚಿದ್ದನ್ನು ಮೊರದ ಮೇಲೆ ಹರಡಿ 20 ನಿಮಿಷ ಫ್ಯಾನ್ ಕೆಳಗಿಡಿ. ಉಪ್ಪನ್ನು ಮುಂಚೆ ಹಾಕಿ ಕಲಸಿಡಬೇಡಿ, ನೀರು ಬಿಡುತ್ತೆ. ಟ್ರೇ ಒಳಗೆ ಹೋಗುವ ಹೊತ್ತಿಗೆ ಉದುರಿಸಿ. ಅರ್ಧ ಕೆಜಿ ತರಕಾರಿಗೆ ಅರ್ಧದಿಂದ ಮುಕ್ಕಾಲು ಟೀಚಮಚ ಉಪ್ಪು, ಒಂದು ಟೇಬಲ್ ಚಮಚ ಕಡಲೆಕಾಯಿ ಎಣ್ಣೆ. ಎಣ್ಣೆ ಇಲ್ಲಿ ರುಚಿಗಿಂತ ಹೆಚ್ಚಾಗಿ ಟ್ರೇಯ ಬಿಸಿಯನ್ನು ಹೋಳಿಗೆ ದಾಟಿಸುವ ಕೆಲಸ ಮಾಡುತ್ತೆ. ಎಣ್ಣೆಯನ್ನೇ ಹಾಕದಿದ್ದರೆ ತರಕಾರಿ ಕೆಂಪಗಾಗುವ ಬದಲು ಸುಕ್ಕುಗಟ್ಟುತ್ತೆ. ಒಂದು ಚಮಚ ಅಂದರೆ ಸುಮಾರು 120 ಕಿಲೋಕ್ಯಾಲೊರಿ, ಮೂರು ಜನಕ್ಕೆ ಹಂಚಿದರೆ ತಲೆಗೆ 40. ಅದಕ್ಕೂ ಹೆದರಬೇಕಾಗಿಲ್ಲ.

ಎರಡನೆಯದು ಜಾಗ. 28–30 ಲೀಟರ್ ಓಟಿಜಿಯ ಟ್ರೇಗೆ 350ರಿಂದ 400 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ಹೋಳಿಗೂ ಹೋಳಿಗೂ ನಡುವೆ ಅರ್ಧ ಬೆರಳು ಸಂದು. ಮನೆಯಲ್ಲಿ ಆರು ಜನ ಇದ್ದಾರೆ ಅಂತ ಒಂದು ಕೆಜಿ ಸುರಿದರೆ ಕೆಳಗಿನ ಹೋಳಿನ ಆವಿ ಮೇಲಿನದಕ್ಕೆ ಬಡಿದು ಅಲ್ಲೇ ನೀರಾಗುತ್ತೆ. ಹತ್ತು ನಿಮಿಷ ಆದಮೇಲೆ ಗಾಜಿನೊಳಗೆ ಇಣುಕಿ: ಗಾಜು ಮಂಜು ಕಟ್ಟಿ ಹನಿ ಇಳೀತಿದ್ದರೆ, ಟ್ರೇಯ ಮೂಲೆಯಲ್ಲಿ ನೀರು ನಿಂತು ಗುಳುಗುಳು ಅಂತಿದ್ದರೆ ಬೇಯ್ತಾ ಇದೆ. ಗಾಜು ತಿಳಿಯಾಗಿ, ಒಳಗಿಂದ ಸಣ್ಣಗೆ ಚಟಪಟ ಕೇಳಿಸಿದರೆ ಹುರೀತಾ ಇದೆ. ಬೇಯ್ತಿದ್ದರೆ ಬಾಗಿಲು ತೆಗೆದು ಅರ್ಧ ನಿಮಿಷ ಆವಿ ಬಿಟ್ಟು, ಅರ್ಧದಷ್ಟು ಹೋಳು ಎತ್ತಿಟ್ಟು ಎರಡನೇ ಸರತಿಗೆ ಹಾಕಿ. ಮೇಲೆ ಫಾಯಿಲ್ ಮುಚ್ಚೋದಂತೂ ಬೇಡವೇ ಬೇಡ.

ಇನ್ನು ಓವನ್. ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, 220ಕ್ಕೆ ಇಟ್ಟು, ಖಾಲಿ ಟ್ರೇ ಸಮೇತ 15 ನಿಮಿಷ ಕಾಯಿಸಿ. ಓವನ್‌ನೊಳಗೇ ಫ್ಯಾನ್ ಇದ್ದರೆ 200 ಸಾಕು. ಕನ್ವೆಕ್ಷನ್ (ಬಿಸಿಗಾಳಿ) ಮೈಕ್ರೋವೇವ್ ಇರುವವರು ಬರೀ ಕನ್ವೆಕ್ಷನ್ ಒತ್ತಬೇಕು. ಎರಡೂ ಸೇರಿದ ಮೋಡ್ ಒತ್ತಿದರೆ ಮೈಕ್ರೋವೇವ್ ಒಳಗಿನ ನೀರನ್ನು ಹೊರಗೆ ತಳ್ಳಿ ಮತ್ತೆ ಅದೇ ಕಥೆ. ಓಟಿಜಿಯ ಗುಂಡಿ 15–20 ಡಿಗ್ರಿ ಸುಳ್ಳು ಹೇಳೋದೂ ಮಾಮೂಲು, ಒಳಗೆ ತೂಗುಹಾಕುವ ಥರ್ಮಾಮೀಟರ್ ಇದ್ದರೆ ಗೊತ್ತಾಗುತ್ತೆ. ಮಲೆನಾಡಿನ ಕಡೆ ಇನ್ನೊಂದು ತೊಂದರೆ, ವೋಲ್ಟೇಜು. 1500 ವ್ಯಾಟಿನ ಕಾಯಿಲ್‌ಗೆ 230 ವೋಲ್ಟ್ ಬದಲು 190 ಬಂದರೆ ಸಿಗೋದು ಸಾವಿರ ವ್ಯಾಟ್ ಚಿಲ್ಲರೆ ಮಾತ್ರ. ವೋಲ್ಟೇಜ್ ಇಳಿದದ್ದಕ್ಕಿಂತ ಬಿಸಿ ಇಳಿಯೋದು ಹೆಚ್ಚು. ಬಲ್ಬು ಮಂಕಾಗಿರುವ ಸಂಜೆ ಟ್ರೇಗೆ 250 ಗ್ರಾಂ ಹಾಕಿ, ಕಾಯಿಸೋ ಹೊತ್ತು 25 ನಿಮಿಷ ಮಾಡಿ. ಪ್ಲಗ್ಗು 15 ಆಂಪಿಯರಿನದೇ ಆಗಿರಲಿ. ನಡುವೆ ಕರೆಂಟ್ ಹೋದರೆ ಬಾಗಿಲು ಮುಚ್ಚಿಕೊಂಡು ಕಾಯಬೇಡಿ, ತೆಗೆದು ದೋಸೆ ಕಾವಲಿಗೆ ವರ್ಗಾಯಿಸಿ.

ಆಲೂಗಡ್ಡೆಗೆ ಸ್ವಲ್ಪ ಜಾಸ್ತಿ ಹೇಳಬೇಕು, ಹಾಸನದಲ್ಲಿ ಕೂತು ಹೇಳದೆ ಇದ್ದರೆ ಹೇಗೆ. ಇಲ್ಲಿ ಮುಂಗಾರಿನ ಮೊದಲ ಮಳೆಗೆ ಬಿತ್ತಿ ಆಗಸ್ಟ್ ಹೊತ್ತಿಗೆ ಕೀಳುವ ಹೊಸ ಗೆಡ್ಡೆಯ ಸಿಪ್ಪೆ ಹೆಬ್ಬೆರಳಲ್ಲಿ ಉಜ್ಜಿದರೆ ಸುಲಿದು ಬರುತ್ತೆ. ಅದರಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಸಾಗು, ಹುಳಿಗೆ ಚಿನ್ನ, ರೋಸ್ಟಿಗೆ ಸುಮಾರು. ಅನುಮಾನ ಇದ್ದರೆ ಒಂದು ಅಳತೆ ಉಪ್ಪಿಗೆ 11 ಅಳತೆ ನೀರು ಕದಡಿ ಗೆಡ್ಡೆ ಬಿಡಿ: ಮುಳುಗಿದ್ದು ಹಿಟ್ಟು ಗೆಡ್ಡೆ, ರೋಸ್ಟಿಗೆ ಒಳ್ಳೇದು, ತೇಲಿದ್ದು ಪಲ್ಯಕ್ಕೆ. ಫ್ರಿಜ್ಜಲ್ಲಿಟ್ಟ ಆಲೂಗಡ್ಡೆ ಬೇಡ. ಚಳಿಗೆ ಪಿಷ್ಟ ಸಕ್ಕರೆಯಾಗಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗಿ ಕಹಿಯಾಗುತ್ತೆ.

2 ಸೆಂ.ಮೀ. ಹೋಳು ಮಾಡಿ, ಲೀಟರ್ ನೀರಿಗೆ ಕಾಲು ಟೀಚಮಚ ಅಡುಗೆ ಸೋಡಾ, ಎರಡು ಟೀಚಮಚ ಉಪ್ಪು ಹಾಕಿ ಕುದಿಸಿ 7–8 ನಿಮಿಷ ಬೇಯಿಸಿ. ಚಾಕು ಅಂಚಿಗೆ ಇಳೀಬೇಕು, ನಡುವೆ ಇನ್ನೂ ತಡೀಬೇಕು. ನೀರು ಬಸಿದು, ಪಾತ್ರೆ ತೆರೆದೇ ಐದು ನಿಮಿಷ ಆವಿ ಹೋಗಲಿ. ಆಮೇಲೆ ಮುಚ್ಚಳ ಹಾಕಿ ನಾಲ್ಕೈದು ಸಲ ಜೋರಾಗಿ ಕುಲುಕಿ. ಸೋಡಾಕ್ಕೆ ಮೈ ಸಡಿಲಾಗಿ ಅಂಚೆಲ್ಲ ತರಿತರಿಯಾಗಿ, ಹಿಟ್ಟು ಮೆತ್ತಿದ ಹಾಗೆ ಕಾಣುತ್ತೆ. ಗರಿಯಾಗೋದು ಆ ತರಿಯೇ. ಎಣ್ಣೆ ಸವರಿ ಕಾದ ಟ್ರೇಗೆ ಹಾಕಿದಾಗ ಚುರ್ ಅನ್ನಬೇಕು. ಅನ್ನದಿದ್ದರೆ ಟ್ರೇ ಕಾದಿಲ್ಲ. ಹದಿನೈದು ನಿಮಿಷ ಮುಟ್ಟಬೇಡಿ. ಮೊದಲು ಟ್ರೇಗೆ ಕಚ್ಚುತ್ತೆ, ತಳ ಗಟ್ಟಿಯಾದಮೇಲೆ ತಾನೇ ಬಿಡುತ್ತೆ. ಅವಸರಕ್ಕೆ ಕೆರೆದರೆ ಗರಿ ಟ್ರೇಯಲ್ಲೇ ಉಳಿಯುತ್ತೆ. ತಿರುವಿ ಮತ್ತೆ ಹದಿನೈದು ನಿಮಿಷ. ಹೊಂಬಣ್ಣಕ್ಕೆ ನಿಲ್ಲಿಸಿ: ಪಿಷ್ಟದ ಪದಾರ್ಥ 120 ಡಿಗ್ರಿ ದಾಟಿ ಬಿಸಿಯಾದಾಗ ಅಕ್ರಿಲಮೈಡ್ (ಕ್ಯಾನ್ಸರ್ ತರಬಹುದೆಂಬ ಅನುಮಾನ ಇರುವ ರಾಸಾಯನಿಕ) ಹುಟ್ಟುತ್ತೆ ಅಂತ ಸ್ವೀಡನ್ನಿನವರು 2002ರಲ್ಲಿ ತೋರಿಸಿದರು, ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು.

ಉಳಿದವು ಸುಲಭ. ಕ್ಯಾರೆಟ್ ಒಂದೂವರೆ ಸೆಂ.ಮೀ. ಹೋಳಿಗೆ 25–30 ನಿಮಿಷ, ಬೀಟ್‌ರೂಟ್ 35, ಹೂಕೋಸು 20–25, ಸಿಹಿಗುಂಬಳ 25, ಉದ್ದಕ್ಕೆ ಸೀಳಿದ ಬೆಂಡೆ 15 (ಲೋಳೆ ಪೂರ್ತಿ ಒಣಗಿಹೋಗುತ್ತೆ), ಬೀನ್ಸ್ 12–15. ಎಲ್ಲ ಒಟ್ಟಿಗೆ ಸುರಿಯಬೇಡಿ, ಗಟ್ಟಿಯದು ಮೊದಲು, ದಪ್ಪ ಮೆಣಸಿನಕಾಯಿ ಕೊನೆಗೆ. ಟೊಮೇಟೊಗೆ ಬೇರೆ ತಟ್ಟೆ. ಸೀಮೆಬದನೆ ಪೂರ್ತಿ ನೀರೇ, ಅದನ್ನು ಓವನ್‌ಗೆ ಹಾಕೋದು ದಂಡ. ಸುವರ್ಣಗೆಡ್ಡೆಯನ್ನು ಹುಣಸೆ ನೀರಲ್ಲಿ ಬೇಯಿಸಿ ಬಸಿದ ಮೇಲೇ ಇಡಿ. ಒಣ ಬಿಸಿಯನ್ನೇ ನಂಬಿದರೆ ಗಂಟಲ ತುರಿಕೆ ತಪ್ಪೋದಿಲ್ಲ.

ಅಚ್ಚಖಾರದಪುಡಿ, ಬೆಳ್ಳುಳ್ಳಿ, ಕರಿಬೇವು 220ರಲ್ಲಿ ಅರ್ಧ ಗಂಟೆ ಬಾಳಲ್ಲ, ಕೊನೆಯ ಐದು ನಿಮಿಷಕ್ಕೆ ಹಾಕಿ. ಕುಟ್ಟಿದ ಕಾಳುಮೆಣಸು, ನಿಂಬೆರಸ, ಚಟ್ನಿಪುಡಿ ಹೊರಗೆ ತೆಗೆದಮೇಲೆ. ಹುಳಿ ಮೊದಲೇ ಬಿದ್ದರೆ ಹೋಳು ಬೇಗ ಬೇಯೋದೂ ಇಲ್ಲ.

ಈ ನಿಯಮಕ್ಕೆ ಬಗ್ಗದ ಒಂದೇ ಗೆಡ್ಡೆ ಗೆಣಸು. ಅದಕ್ಕೆ ಅವಸರದ ಬಿಸಿ ಆಗಲ್ಲ. ಗೆಣಸಿನೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯೋದು ಸುಮಾರು 60ರಿಂದ 75 ಡಿಗ್ರಿ ನಡುವೆ. ಆ ಹಂತ ನಿಧಾನಕ್ಕೆ ದಾಟಿದಷ್ಟೂ ಸಿಹಿ ಜಾಸ್ತಿ. ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಹೂತಿಟ್ಟ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿಯಾಗಿರೋದು ಇದೇ ಕಾರಣಕ್ಕೆ. ಓವನ್‌ನಲ್ಲಾದರೆ ಸಿಪ್ಪೆ ಸಮೇತ ಇಡಿಯಾಗಿ, ಕಾಯಿಸದ ಓವನ್‌ಗೇ ಇಟ್ಟು 180ಕ್ಕೆ ತಿರುಗಿಸಿ, ಒಂದು ಗಂಟೆ. ಸಿಪ್ಪೆ ಒಡೆದು ಪಾಕದ ಹಾಗೆ ಅಂಟು ಜಿನುಗಿದರೆ ಆಯ್ತು.

ಊಟದ ಲೆಕ್ಕದಲ್ಲಿ ತಲೆಗೆ 200 ಗ್ರಾಂ ಹಸಿ ತರಕಾರಿ ಇಟ್ಟುಕೊಳ್ಳಿ. ನೀರು ಹಾರಿ ತಟ್ಟೆಗೆ ಬರೋದು 130 ಗ್ರಾಂ ಚಿಲ್ಲರೆ. ಆಲೂಗಡ್ಡೆ, ಗೆಣಸನ್ನು ತರಕಾರಿ ಅಂತ ಎಣಿಸಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ 400 ಗ್ರಾಂ ಹಣ್ಣು-ತರಕಾರಿಯಲ್ಲಿ ಅವು ಸೇರೋದಿಲ್ಲ. ಅವನ್ನು ಮಾಡಿದ ದಿನ ಅನ್ನ ಒಂದು ಸೌಟು ಕಮ್ಮಿ ಬಡಿಸಿಕೊಳ್ಳಿ. ಹೂಕೋಸು, ಬೀನ್ಸ್ ಮೊಸರನ್ನದ ಜೊತೆ ಚೆನ್ನ. ಕುಂಬಳವನ್ನು ಕಿವುಚಿ ಮೊಸರು, ಸಾಸಿವೆ ಒಗ್ಗರಣೆ ಹಾಕಿದರೆ ಐದು ನಿಮಿಷದ ಗೊಜ್ಜು. ಉಳಿದದ್ದನ್ನು ಮಾರನೇ ದಿನ ಮತ್ತೆ ಓವನ್‌ಗೆ ಹಾಕಿದರೆ ತೊಗಲಾಗುತ್ತೆ, ಸಣ್ಣಗೆ ಹೆಚ್ಚಿ ಅಕ್ಕಿ ರೊಟ್ಟಿ ಹಿಟ್ಟಿಗೆ ಕಲಸಿ ತಟ್ಟಿಬಿಡಿ. ನೀರು ಮಾತ್ರ ಎಂದಿನಷ್ಟೇ ಹಾಕಿ, ಹುರಿದ ತರಕಾರಿ ಈರುಳ್ಳಿಯ ಹಾಗೆ ಹಿಟ್ಟಿಗೆ ನೀರು ಬಿಡೋದಿಲ್ಲ.