ಸಖತ್‌ಗೆ ಒಂದು ಪುಟ ಬೇಕಾ?

ನವೆಂಬರ್ 12, 2025, ಬುಧವಾರ

ರಾತ್ರಿ ಹತ್ತೂವರೆ. ಕಣ್ಣು ಉರಿಯುತ್ತಿದೆ. ಆದರೂ ಇದನ್ನು ಬರೆಯದೆ ನಿದ್ದೆ ಬರುವ ಹಾಗಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಮೊನ್ನೆ ಹೊಸ ಹುಡುಗನೊಬ್ಬ ‘ಸಖತ್’ ಅಂತ ಒಂದು ಪುಟ ಮಾಡಿದ್ದಾನೆ. ಮೂರೇ ಸಾಲು. ಸಖತ್ ಅಂದರೆ ತುಂಬಾ ಚೆನ್ನಾಗಿರುವುದು, ಬೆಂಗಳೂರಿನ ಕಡೆ ಜಾಸ್ತಿ ಬಳಸುತ್ತಾರೆ, ಸಕತ್ ಅಂತಲೂ ಸಕ್ಕತ್ ಅಂತಲೂ ಬರೆಯುತ್ತಾರೆ. ಇವತ್ತು ನೋಡಿದರೆ ಪುಟದ ನೆತ್ತಿಯ ಮೇಲೆ ಅಳಿಸುವ ಸೂಚನೆ ಬಿದ್ದಿದೆ. ಅದರ ಚರ್ಚೆ ಪುಟದಲ್ಲಿ ಅವನು ಬೇಡಿಕೊಂಡಿದ್ದಾನೆ: ದಯವಿಟ್ಟು ಅಳಿಸಬೇಡಿ, ಪರೀಕ್ಷೆ ಮುಗಿದ ಮೇಲೆ ಇನ್ನೂ ಬರೆಯುತ್ತೇನೆ. ಅಲ್ಲಿನ ಉಳಿದ ಸಂಪಾದಕರು ನನ್ನ ಅಭಿಪ್ರಾಯ ಕೇಳಿದ್ದಾರೆ.

ಅಳಿಸಿ ಅಂದವರದ್ದು ತಪ್ಪಲ್ಲ. ಅರ್ಥ ಹೇಳೋದು ನಿಘಂಟಿನ ಕೆಲಸ, ಅದಕ್ಕೆ ವಿಕಿಪೀಡಿಯದ ಸೋದರ ನಿಘಂಟು ವಿಕ್ಷನರಿ ಇದೆ. ವಿಶ್ವಕೋಶದ ಪುಟ ಬೇಕಾದರೆ ಆ ಪದವನ್ನು ನೂರು ಜನ ಬಳಸಿದ್ದರೆ ಸಾಲದು, ಆ ಪದದ ಬಗ್ಗೆಯೇ ಯಾರಾದರೂ ಬರೆದಿರಬೇಕು. ‘ಓಕೆ’ಗೆ ಇಂಗ್ಲಿಷ್‌ನಲ್ಲಿ ಉದ್ದನೆಯ ಪುಟವೇ ಇದೆ. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ‘ಆಲ್ ಕರೆಕ್ಟ್’ (all correct) ಅನ್ನೋದನ್ನು ಬೇಕಂತಲೇ ತಪ್ಪು ಕಾಗುಣಿತದಲ್ಲಿ ‘o.k.’ ಅಂತ ಚಿಕ್ಕದಾಗಿ ಬರೆದು ತಮಾಷೆ ಮಾಡಿತ್ತು. ಆಲನ್ ವಾಕರ್ ರೀಡ್ ಅನ್ನುವ ಭಾಷಾತಜ್ಞರು ಹಳೇ ಪತ್ರಿಕೆಗಳನ್ನು ಕೆದಕಿ, 1960ರ ದಶಕದಲ್ಲಿ ಅದರ ಮೇಲೆ ಲೇಖನದ ಮೇಲೆ ಲೇಖನ ಬರೆದರು. ಸಖತ್‌ಗೋಸ್ಕರ ಹಾಗೆ ಕೂತವರು ಯಾರು? ಸಂಜೆಯಿಂದ ಹುಡುಕಿದೆ. ಕೈಗೆ ಏನೂ ಸಿಗಲಿಲ್ಲ.

ಊಟಕ್ಕೆ ಕೂತಾಗ ಸುಮ್ನೆ ಅತ್ತೆಯ ಹತ್ತಿರ ಹೇಳಿದೆ. ಅವರು ಚಪಾತಿ ಲಟ್ಟಿಸೋದನ್ನು ನಿಲ್ಲಿಸಿಬಿಟ್ಟರು.

“ಮದವಿ ಆದ ಹೊಸದಾಗಿ ನೀ ಬದ್ನಿಕಾಯಿ ಪಲ್ಯ ಸಖತ್ ಆಗಿದೆ ಅಂದಿದ್ದಿ, ನೆನಪೈತೇನ?”

“ಇಲ್ಲ ಅತ್ತೆ.”

“ನನಗ ಐತಿ. ಬದ್ನಿಕಾಯಿ ಬೆಂದಿಲ್ಲ, ಬಿರಸ ಐತಿ ಅನ್ನಾಕತ್ತಾಳ ಅಂತ ತಿಳಕೊಂಡಿದ್ದೆ. ಮರುದಿನ ಮತ್ತ ಅರ್ಧಾ ತಾಸು ಜಾಸ್ತಿ ಬೇಯಿಸಿದೆ.”

ಅವರ ತವರು ಬೆಳಗಾವಿ, ಮರಾಠಿ ಚೆನ್ನಾಗಿ ಬರುತ್ತೆ. ಮರಾಠಿಯಲ್ಲಿ ಸಕ್ತ ಅಂದರೆ ಕಟ್ಟುನಿಟ್ಟು. ‘ಸಕ್ತ ಮಜುರಿ’ ಅಂದರೆ ಜೈಲಿನಲ್ಲಿ ದುಡಿಸುವ ಕಠಿಣ ಶಿಕ್ಷೆ. ಸಕ್ತ, ಸಖತ್ ಎರಡೂ ಬಂದದ್ದು ಪಾರಸಿಯ ‘ಸಖ್ತ್’ನಿಂದಲೇ. ಗಟ್ಟಿ, ಬಿರುಸು ಅನ್ನುವ ಮಾತು ಬೆಂಗಳೂರು ಮೈಸೂರಿಗೆ ಬರುವಷ್ಟರಲ್ಲಿ ರುಚಿಯಾದ ಪಲ್ಯಕ್ಕೂ ಸಲ್ಲುವಂತಾಯಿತು. ಹನ್ನೆರಡು ವರ್ಷ ಅತ್ತೆ ಇದನ್ನು ಒಳಗೇ ಇಟ್ಟುಕೊಂಡಿದ್ದರಲ್ಲ. ನನಗೆ ಗಂಟಲು ಕಟ್ಟಿತು. ಎದ್ದು ಅವರ ಹಿಟ್ಟಿನ ಕೈ ಹಿಡಿದುಕೊಂಡೆ.

ಅರ್ಥ ಹೇಗೆ ಹೊರಳಿತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಆದರೆ ಪುಟದಲ್ಲಿ ಹಾಕುವಂತಿಲ್ಲ. ನಮ್ಮ ಅಡುಗೆಮನೆ ಯಾವ ಉಲ್ಲೇಖಕ್ಕೂ ಬರೋದಿಲ್ಲ. ಪ್ರಕಟವಾದ ಆಧಾರ ಕೊಡಲೇಬೇಕು ಅನ್ನುವ ಆ ನಿಯಮ ಬೇಕು, ಗೊತ್ತು. ಇಲ್ಲದಿದ್ದರೆ ಯಾರು ಏನು ಬೇಕಾದರೂ ಬರೆದು ಹೋಗುತ್ತಾರೆ. ಆದರೆ ನಮ್ಮ ಆಡುಮಾತಿನ ಬಗ್ಗೆ ಅಚ್ಚಾಗಿರೋದೇ ಕಡಿಮೆ. ಅಚ್ಚಾಗದ್ದು ಇಲ್ಲವೇ ಇಲ್ಲ ಅಂತ ಆಗಿಬಿಡುತ್ತಲ್ಲ, ಅದು ನೋವು.

ಕೊನೆಗೆ ಹೀಗೆ ಬರೆದೆ: ಈಗಲೇ ಅಳಿಸೋದು ಬೇಡ, ಕರಡು ಬರೆದುಕೊಳ್ಳುವ ಅವನ ಪ್ರಯೋಗಪುಟಕ್ಕೆ ಸಾಗಿಸಿ. ಮೂರೂ ಕಾಗುಣಿತ ವಿಕ್ಷನರಿಗೆ ಹೋಗಲಿ. ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಸೇರಿ ಹಳೇ ಪತ್ರಿಕೆಗಳ ಭಾಷಾ ಅಂಕಣ ಹುಡುಕೋಣ ಅಂತ ಅವನಿಗೂ ಹೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಈಗ ಹೊಳೆಯಿತು. ಅತ್ತೆ ಚೆನ್ನಾಗಿದ್ದದ್ದಕ್ಕೆಲ್ಲ ‘ಭಾರಿ’ ಅನ್ನುತ್ತಾರೆ. ಅದೂ ಭಾರವೇ, ತೂಕವೇ ಅಲ್ವಾ? ಅಲ್ಲಿ ತೂಕ, ಇಲ್ಲಿ ಬಿರುಸು. ಎರಡೂ ಕಡೆ ಮೆಚ್ಚುಗೆಗೆ ಯಾಕೆ ಇಂಥ ಗಟ್ಟಿ ಮಾತೇ... ನಾಳೆ ಅತ್ತೆಯನ್ನೇ ಕೇಳಬೇಕು.