ಅಮ್ಮನ ಫೋನ್ ಕಟ್ ಮಾಡಿದ್ದು ನಾನಲ್ಲ

ಜುಲೈ ತಿಂಗಳು. ಹಾಸನದಿಂದ ಬೇಲೂರು, ಮೂಡಿಗೆರೆ ಮೇಲೆ ಊರಿಗೆ ಹೊರಟಿದ್ದೆ. ನಮ್ಮೂರು ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ಬಸ್ ಹತ್ತುವಾಗ ಫೋನಿನಲ್ಲಿ 78 ಪರ್ಸೆಂಟ್ ಚಾರ್ಜು ಇತ್ತು. ಹಾಡು ಕೇಳಿಕೊಂಡು ಹೋಗೋಕೆ ಧಾರಾಳ ಆಯ್ತು ಅಂದುಕೊಂಡೆ.

ಬೇಲೂರಿನವರೆಗೆ ಎಲ್ಲ ಸರಿ ಇತ್ತು. ಅಲ್ಲಿ ಟೀ ಕುಡಿಯಲು ಇಳಿದವನು ಮಳೆಯಲ್ಲೇ ಓಡಿ ಬಂದೆ. ವೈರಿನ ಹೆಡ್‌ಸೆಟ್ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಒರೆಸಿಯೂ ನೋಡದೆ ಕಿವಿಗೆ ಸಿಕ್ಕಿಸಿಕೊಂಡೆ.

ಆಮೇಲೆ ಶುರುವಾಯಿತು. ಹಾಡು ತಾನಾಗಿ ನಿಲ್ಲುತ್ತದೆ, ತಾನಾಗಿ ಮುಂದಿನದಕ್ಕೆ ಹಾರುತ್ತದೆ. ಸದ್ದು ಒಮ್ಮೆಲೇ ಕಿವಿ ಕಿತ್ತುಹೋಗುವಷ್ಟು ಏರುತ್ತದೆ. ನಡುನಡುವೆ ಫೋನಿನೊಳಗಿನ ಹೆಂಗಸು ಏನು ಸಹಾಯ ಬೇಕು ಅಂತ ಕೇಳುತ್ತಾಳೆ, ಪರದೆ ಝಗ್ಗನೆ ಬೆಳಗುತ್ತದೆ. ನಾನು ಹೆಡ್‌ಸೆಟ್ಟಿನ ಬಟನ್ ಮುಟ್ಟೇ ಇರಲಿಲ್ಲ! ಪಕ್ಕದಲ್ಲಿ ಕೂತಿದ್ದ ಅಜ್ಜ, "ಯಾರ ಜೊತೆ ಮಾತಾಡ್ತಿದ್ದೀರಿ?" ಅಂದರು. ಏನು ಹೇಳೋದು?

ಅಷ್ಟರಲ್ಲಿ ಅಮ್ಮನ ಫೋನ್. ಎತ್ತುವ ಮೊದಲೇ ಕಟ್ಟಾಯಿತು. ಮತ್ತೆ ಬಂತು, ಮತ್ತೆ ಕಟ್. ತಿರುಗಿ ಮಾಡೋಣ ಅಂದರೆ ಮೂಡಿಗೆರೆ ದಾಟಿದ ಮೇಲೆ ಟವರ್ರೇ ಇಲ್ಲ. ಇಳಿಯುವ ಹೊತ್ತಿಗೆ 4 ಪರ್ಸೆಂಟ್. ಜಗಲಿ ಹತ್ತುವಷ್ಟರಲ್ಲಿ ಅದೂ ಹೋಯಿತು.

"ಕರೆಂಟ್ ಹೋಗಿ ಎರಡು ದಿನ ಆಯ್ತು. ಮೇಣದಬತ್ತಿ ತಾ ಅನ್ನೋಕೆ ಮಾಡಿದ್ರೆ ಕಟ್ ಮಾಡ್ತೀಯಲ್ಲೋ" ಅಂದರು ಅಮ್ಮ. ನಾನು ಕಟ್ ಮಾಡಲಿಲ್ಲ, ಹೆಡ್‌ಸೆಟ್ ಮಾಡಿತು ಅಂದೆ. ಯಾರು ನಂಬುತ್ತಾರೆ?

ಎರಡು ದಿನ ಬಿಟ್ಟು ಮೂಡಿಗೆರೆಯ ಮೊಬೈಲ್ ರಿಪೇರಿ ಹುಡುಗನಿಗೆ ತೋರಿಸಿದೆ. ಅವನು ಪಿನ್ ಹಿಡಿದು ಮೂರು ಕಪ್ಪು ಗೆರೆ ತೋರಿಸಿದ. ಗೆರೆ ಮೂರಾದರೆ ಭಾಗ ನಾಲ್ಕು. ಎಡಕಿವಿಗೆ ಒಂದು, ಬಲಕಿವಿಗೆ ಒಂದು, ಕರೆಂಟ್ ವಾಪಸ್ ಹೋಗೋಕೆ ಗ್ರೌಂಡ್ ಅಂತ ಒಂದು, ಮೈಕಿಗೆ ಒಂದು. ಬಟನ್ನಿಗೆ ಅಂತ ಬೇರೆ ತಂತಿಯೇ ಇಲ್ಲ! ಒತ್ತಿದಾಗ ಮೈಕಿನ ತಂತಿ ಗ್ರೌಂಡಿಗೆ ತಾಗುತ್ತದೆ, ಅಷ್ಟೇ. "ಮಧ್ಯೆ ನೀರು ನಿಂತ್ರೂ ಫೋನಿಗೆ ಬಟನ್ ಒತ್ತಿದ ಹಾಗೇ ಅಣ್ಣ" ಅಂದ. ಸದ್ದಿನ ಬಟನ್‌ಗಳದ್ದೂ ಅದೇ ದಾರಿ ಅಂತೆ. ಆಮೇಲೆ ಓದಿ ನೋಡಿದೆ. ಕರೆಂಟಿಗೆ ಎಷ್ಟು ತಡೆ ಇದೆ ಅಂತ ನೋಡಿ ಫೋನ್ ಯಾವ ಬಟನ್ ಅಂತ ಗುರುತಿಸುತ್ತದೆ. ಆಂಡ್ರಾಯ್ಡ್ ಫೋನುಗಳ ಲೆಕ್ಕದಲ್ಲಿ ಸದ್ದು ಏರಿಸೋಕೆ 240 ಓಮ್ ತಡೆ, ಇಳಿಸೋಕೆ 470. ನಿಲ್ಲಿಸುವ ಬಟನ್ನಿಗೆ ಸೊನ್ನೆ. ನಮ್ಮ ಕಡೆಯ ಮಳೆ ನೀರಿಗೆ ಈ ಲೆಕ್ಕ ಎಲ್ಲಿ ಗೊತ್ತು, ಅದು ಸಿಕ್ಕಿದ ಬಟನ್ ಒತ್ತಿದೆ. ಅಮ್ಮನ ಫೋನ್ ಬಂದಾಗ ಬಿಡದೆ ಹಿಡಿದಿದೆ. ಬಟನ್ ಒತ್ತಿ ಹಿಡಿದರೆ ಕರೆ ಕಟ್ ತಾನೇ!

ಬ್ಯಾಟರಿ ತಿಂದದ್ದೂ ಹಾಡಲ್ಲ. ಪರದೆ ಆರಿಸಿ ಹಾಡು ಕೇಳಿದರೆ ಚಾರ್ಜು ಅಷ್ಟೇನೂ ಇಳಿಯುವುದಿಲ್ಲ. ನನ್ನ ಪರದೆ ಸುಮ್ನೆ ಹತ್ತುತ್ತಾ ಆರುತ್ತಾ ಇತ್ತು. ಹಾಡು ನೆಟ್ಟಿನಿಂದ ಬರುತ್ತಿತ್ತು. ಟವರ್ ಸಿಗದ ಕಡೆ ಫೋನ್ ಸುಮ್ಮನಿರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಸಿಗ್ನಲ್ ಒಂದು ಕಡ್ಡಿ ಇದ್ದರೂ ಅದನ್ನು ಹಿಡಿದುಕೊಳ್ಳೋಕೆ ಜಾಸ್ತಿ ಶಕ್ತಿ ಸುರಿಯುತ್ತದೆ. ವಾಪಸ್ ಹೋಗುವಾಗ ಹಾಡುಗಳನ್ನು ಮೊದಲೇ ಇಳಿಸಿಕೊಂಡು ಏರೋಪ್ಲೇನ್ ಮೋಡ್ ಹಾಕಿದ್ದೆ. ಹಾಸನ ಮುಟ್ಟಿದಾಗ ಬರೀ 7 ಪರ್ಸೆಂಟ್ ಇಳಿದಿತ್ತು. ಆಗ ಅಮ್ಮನ ಫೋನ್ ಬರುವುದೇ ಇಲ್ಲ ಅನ್ನೋದು ಬೇರೆ ವಿಷಯ.

ಹೆಡ್‌ಸೆಟ್ ಬಿಸಾಡಲಿಲ್ಲ. ರಿಪೇರಿ ಹುಡುಗ ಒಣಗಿಸಿ ನೋಡಿ ಅಂದಿದ್ದ. ಬಿಸಿಲು ಎಲ್ಲಿಂದ ತರೋದು? ಅಮ್ಮ ಅದನ್ನು ಬಚ್ಚಲ ಒಲೆಯಿಂದ ಸ್ವಲ್ಪ ದೂರದ ಹಗ್ಗಕ್ಕೆ, ನನ್ನ ಒದ್ದೆ ಸಾಕ್ಸಿನ ಪಕ್ಕ ನೇತುಹಾಕಿದರು. ಮೂರನೇ ದಿನಕ್ಕೆ ಸರಿಯಾಯಿತು. ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಎರಡು ಸಲಕ್ಕೆ ಮುಂದೆ, ಮೂರು ಸಲಕ್ಕೆ ಹಿಂದೆ. ಕಿವಿಗೆ ಹಾಕಿಕೊಂಡರೆ ಮಾತ್ರ ಇವತ್ತಿಗೂ ಹೊಗೆ ವಾಸನೆ.