ಕುದುರೆ ಬೋರ್ಡಿನೊಳಗೆ ಹೊಕ್ಕ ಬಿಸಿಲ್ಗುದುರೆ

ಹನ್ನೊಂದು ದಿನ. ಬೆಳಗಬಾರದ ಒಂದು ಎಲ್‌ಇಡಿಯನ್ನು ಬೆಳಗದಂತೆ ಮಾಡಲು ಹನ್ನೊಂದು ದಿನ ಹಿಡಿಯಿತು. ನಿನ್ನೆ ರಾತ್ರಿ ಶಿರಸಿಯ ಮಳೆಗೆ ಎಂದಿನಂತೆ ಕರೆಂಟು ಹೋಗಿತ್ತು. ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಭೂತಗನ್ನಡಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಅಕ್ಕಿಕಾಳಿನಷ್ಟು ದೊಡ್ಡ ಡಯೋಡಿನ ಮೈ ನೋಡುತ್ತಿದ್ದಾಗ ಕಳ್ಳ ಸಿಕ್ಕಿಬಿದ್ದ.

ಪ್ಲೈವುಡ್ ಕೊಯ್ದದ್ದು, ಹಿತ್ತಾಳೆ ಸ್ಕ್ರೂ ಕೂರಿಸಿದ್ದು, ಹಾಳೆ ಅಂಟಿಸಿದ್ದು ಎಲ್ಲ ಬಿಡುತ್ತೇನೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಹಿಂದೆ ತಂತಿ, ಸರಿಜೋಡಿ ಮುಟ್ಟಿಸಿದರೆ ದೀಪ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾವೆಲ್ಲ ಮಾಡಿದ ಅದೇ ಬೋರ್ಡು. ವಿಷಯ ಮಾತ್ರ ಈ ಸಲ ಕುದುರೆ. ಶಿರಸಿಯಲ್ಲಿ ಕುದುರೆ ಎಂದರೆ ಚದುರಂಗದ್ದು ಅಷ್ಟೇ. ಆದರೂ ಅಕ್ಕನ ಮಗಳಿಗೆ ಅದರ ಹುಚ್ಚು. ಅವಳ ಜ್ಞಾನ ಪರೀಕ್ಷಿಸಲು ಹೊರಟವನು ನನ್ನದನ್ನೇ ಪರೀಕ್ಷೆಗೆ ಒಡ್ಡಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಹ್ಯಾಂಡ್ ಲೆಕ್ಕದಲ್ಲಿ. ಕುದುರೆಯ ಎತ್ತರ ಅಳೆಯುವ ಒಂದು ಹ್ಯಾಂಡ್ ಅಂದರೆ 4 ಇಂಚು. ಪೋನಿ, ಅಂದರೆ ಗಿಡ್ಡ ಕುದುರೆ, ಎನಿಸಿಕೊಳ್ಳಲು ಹಳೆಯ ಮಿತಿ 14.2 ಹ್ಯಾಂಡ್. ಹುಡುಗಿ ಕ್ಯಾಲ್ಕುಲೇಟರ್ ಒತ್ತಿ 56.8 ಇಂಚು ಎಂದಳು. ನಾನೂ ಹಾಗೇ ಬರೆದು ಅಂಟಿಸಿಯೂ ಆಗಿತ್ತು. ಆದರೆ ಆ ಚುಕ್ಕೆ ದಶಮಾಂಶದ್ದಲ್ಲ. 14 ಹ್ಯಾಂಡ್, ಮೇಲೆ 2 ಇಂಚು. ಅಂದರೆ 58 ಇಂಚು, 147 ಸೆಂಟಿಮೀಟರಿಗೆ ತುಸು ಮೇಲೆ. ಚುಕ್ಕೆಯ ಮುಂದೆ 4 ಬರುವುದೇ ಇಲ್ಲ, ಬಂದರೆ ಅದು ಮುಂದಿನ ಹ್ಯಾಂಡ್. ಹಾಳೆ ಕಿತ್ತೆ, ಜೊತೆಗೆ ಬಣ್ಣವೂ ಕಿತ್ತು ಬಂತು.

ಈಗ ತಲೆನೋವಿನ ಕಥೆ. ಒಂದೇ ಉತ್ತರಕ್ಕೆ ಹಲವು ಪ್ರಶ್ನೆ ಬಂದರೆ ತೊಂದರೆಯಿಲ್ಲ. ಪೋಲೋ ತಂಡದಲ್ಲಿ ಆಟಗಾರರು ಎಷ್ಟು, ಹ್ಯಾಂಡಿಗೆ ಎಷ್ಟು ಇಂಚು, ನಾಗಾಲೋಟದಲ್ಲಿ ಒಂದು ಸುತ್ತಿಗೆ ಗೊರಸಿನ ಸಪ್ಪಳ ಎಷ್ಟು. ಮೂರಕ್ಕೂ ‘4’ ಎಂಬ ಒಂದೇ ಸ್ಕ್ರೂ. ಆದರೆ ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಇಟ್ಟಿರೋ, ಬೋರ್ಡು ಸುಳ್ಳು ಹೇಳಲು ಕಲಿಯುತ್ತದೆ.

1956ರ ಒಲಿಂಪಿಕ್ಸ್ ನಡೆದ ಊರು ಯಾವುದು? ಮೆಲ್ಬರ್ನ್ ಎನ್ನುತ್ತೀರಿ. ಸರಿ. ಆದರೆ ಹೊರದೇಶದ ಪ್ರಾಣಿಗಳ ಮೇಲೆ ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನು ಅಷ್ಟು ಬಿಗಿಯಿತ್ತು ಎಂದು ಕುದುರೆ ಸ್ಪರ್ಧೆಗಳನ್ನಷ್ಟೇ ಸ್ಟಾಕ್‌ಹೋಮಿನಲ್ಲಿ ಮಾಡಿದರು. ಅಲ್ಲಿಗೆ ಎರಡು ಉತ್ತರ, ಎರಡು ತಂತಿ. ಇನ್ನೊಂದು ಪ್ರಶ್ನೆ: ಕುದುರೆ ಸವಾರಿ ಒಲಿಂಪಿಕ್ಸಿನಲ್ಲಿ ಕಾಯಂ ಆದದ್ದು 1912ರಿಂದ, ಆ ವರ್ಷ ಕೂಟ ಎಲ್ಲಿ? ಸ್ಟಾಕ್‌ಹೋಮ್. ಒಂದು ತಂತಿ. ಹುಡುಗಿ 1912 ಮುಟ್ಟಿ, ಮೆಲ್ಬರ್ನ್ ಮುಟ್ಟಿದಳು. ದೀಪ ಝಗ್ಗೆಂದಿತು.

"ಮಾವಾ, ಇದು ಸುಳ್ಳು ಹೇಳ್ತು."

ಹೇಳದೆ ಏನು? ಕರೆಂಟು 1912ರಿಂದ ಸ್ಟಾಕ್‌ಹೋಮಿಗೆ, ಅಲ್ಲಿಂದ ಹಿಂದಕ್ಕೆ 1956ಕ್ಕೆ, ಅಲ್ಲಿಂದ ಮೆಲ್ಬರ್ನಿಗೆ ಹೋಗಿ ಬಂದಿತ್ತು. ತಂತಿಗೆ ಮುಂದು ಹಿಂದು ಗೊತ್ತಿಲ್ಲವಲ್ಲ. ಈ ಸುಳ್ಳು ದೀಪಕ್ಕೆ ಬಿಸಿಲ್ಗುದುರೆ ಎಂದು ಹೆಸರಿಟ್ಟೆ. ಬಿಸಿಲಿನ ಮುಖ ಕಾಣದ ತಿಂಗಳಲ್ಲಿ ಕಾಣಿಸಿಕೊಂಡ ಬಿಸಿಲ್ಗುದುರೆ.

ಎರಡು ಉತ್ತರದ ಪ್ರಶ್ನೆಗಳನ್ನೇ ತೆಗೆದುಬಿಡು ಎಂದು ಗೆಳೆಯ ಹೇಳಿದ. ತೆಗೆದರೆ ಉಳಿಯುವುದೇನು? ಬೆಳೆದ ಕುದುರೆಗೆ ಹಲ್ಲು ಎಷ್ಟು: ಗಂಡಿಗೆ ಸಾಮಾನ್ಯವಾಗಿ 40, ಹೆಣ್ಣಿಗೆ 36. ಡ್ರೆಸಾಜ್, ಅಂದರೆ ಕುದುರೆಯ ಶಿಸ್ತಿನ ನಡಿಗೆಯ ಸ್ಪರ್ಧೆ, ಅದರ ಅಂಗಳದ ಉದ್ದ ಎಷ್ಟು: ದೊಡ್ಡದು 60 ಮೀಟರ್, ಚಿಕ್ಕದು 40, ಅಗಲ ಎರಡಕ್ಕೂ 20. ವಿಜಯನಗರಕ್ಕೆ ಹೋಗುವ ಅರಬ್ಬಿ ಕುದುರೆಗಳು ನಮ್ಮ ಜಿಲ್ಲೆಯ ಯಾವ ಬಂದರಿನಲ್ಲಿ ಇಳಿಯುತ್ತಿದ್ದವು: ಭಟ್ಕಳ, ಹೊನ್ನಾವರ. ಈ ಪ್ರಶ್ನೆ ತೆಗೆಯುವವನು ಉತ್ತರ ಕನ್ನಡದವನೇ ಅಲ್ಲ. ಒಂಟಿ ಉತ್ತರದವು ಬಾಯಿಪಾಠದವು, ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ನಡುವಿನ ಹೇಸರಗತ್ತೆಗೆ 63, ಮುಗಿಯಿತು. ಜಗಳಕ್ಕೆ ಎಳೆಯುವುದು ಎರಡು ಉತ್ತರದವೇ.

ಮದ್ದು ನಿಮಗೆಲ್ಲ ಗೊತ್ತಿರುವುದೇ: ಪ್ರತಿ ತಂತಿಗೊಂದು ಡಯೋಡ್, ಪ್ರಶ್ನೆಯಿಂದ ಉತ್ತರದ ಕಡೆಗೆ ಮಾತ್ರ ದಾರಿ. ಮುಟ್ಟಿಸುವ ಕಡ್ಡಿ ಎರಡು, ಕೆಂಪು ಪ್ರಶ್ನೆಗೆ, ಕಪ್ಪು ಉತ್ತರಕ್ಕೆ. 16 ಪ್ರಶ್ನೆ, 22 ತಂತಿ, 22 ಡಯೋಡ್. ಊರಿನ ಅಂಗಡಿಯಲ್ಲಿ ಡಯೋಡ್ ಕೇಳಿದೆ, ಫ್ಯಾನಿನ ಕೆಪಾಸಿಟರ್ ಕೈಗಿಟ್ಟರು. ಕೊನೆಗೆ ಆನ್‌ಲೈನಿನಲ್ಲಿ ನೂರರ ಪೊಟ್ಟಣ ತರಿಸಿದೆ, 4148 ಎಂಬ ನಂಬರಿನ, ಗಾಜಿನ ಮೈಯ ಪುಟ್ಟ ಮಾಮೂಲಿ ಡಯೋಡ್. ಅಂತೂ ಬಂತು. ಅದು ಘಟ್ಟ ಹತ್ತಿದ ವೇಗ ನೋಡಿದರೆ ಹೇಸರಗತ್ತೆಯ ಮೇಲೇ ಹೇರಿ ಕಳಿಸಿರಬೇಕು.

ಮೂರು ಸೆಲ್, 4.5 ವೋಲ್ಟ್. ಬೆಸುಗೆ ಹಾಕಿದೆ, ಪರೀಕ್ಷಿಸಿದೆ, ಬಿಸಿಲ್ಗುದುರೆ ಮಾಯ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ದೀಪದ ಜೊತೆಗೆ ಸದ್ದೂ ಇರಲಿ ಎಂದು ಬಝರ್ ಸೇರಿಸಿದೆ. ಗಟ್ಟಿಯಾಗಿ ಕೂಗಲಿ ಎಂದು 9 ವೋಲ್ಟಿನ ಬ್ಯಾಟರಿ ಹಾಕಿದೆ. ಮರುದಿನ ಹುಡುಗಿ ಟೆಂಟ್ ಪೆಗ್ಗಿಂಗ್ (ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಈಟಿಯಲ್ಲಿ ಕೀಳುವ ಆಟ) ಪ್ರಶ್ನೆ ಮುಟ್ಟಿ 2023 ಮುಟ್ಟಿದಳು. ಎಲ್‌ಇಡಿ ಮಂಕಾಗಿ ಮಿನುಗಿತು. ಬಝರ್ ಜ್ವರ ಬಂದ ಕತ್ತೆಯಂತೆ ಕುಂಯ್ ಎಂದಿತು.

ಆ ಪ್ರಶ್ನೆಗಳ ಗುಂಪು ಹೀಗಿದೆ. ಏಷ್ಯನ್ ಗೇಮ್ಸ್ ಕುದುರೆ ಸವಾರಿಯಲ್ಲಿ ಭಾರತಕ್ಕೆ ಚಿನ್ನ ಬಂದ ವರ್ಷ? 1982 ಮತ್ತು 2023. ದಿಲ್ಲಿಯಲ್ಲಿ ರಘುಬೀರ್ ಸಿಂಗ್ ಮೂರು ಬಗೆಯ ಸವಾರಿ ಸೇರಿದ ಈವೆಂಟಿಂಗ್‌ನಲ್ಲಿ ಗೆದ್ದರು, ಅದರ ತಂಡದ ಚಿನ್ನವೂ ನಮ್ಮದೇ, ಟೆಂಟ್ ಪೆಗ್ಗಿಂಗ್ ಚಿನ್ನ ರೂಪಿಂದರ್ ಸಿಂಗ್ ಬ್ರಾರ್ ಅವರದು. ಆಮೇಲೆ 41 ವರ್ಷ ಉಪವಾಸ. ಹಾಂಗ್‌ಝೌನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ಡ್ರೆಸಾಜ್ ತಂಡದ ಚಿನ್ನ ತಂದರು. ಹಾಗಾಗಿ ಟೆಂಟ್ ಪೆಗ್ಗಿಂಗಿಗೆ 1982 ಮಾತ್ರ, ಡ್ರೆಸಾಜ್ ತಂಡಕ್ಕೆ 2023 ಮಾತ್ರ.

ಮಂಕು ದೀಪ ಕಂಡಾಗ ಮಳೆಗಾಲದವರು ಮೊದಲು ಬೈಯುವುದು ತೇವಕ್ಕೆ. ಪ್ಲೈವುಡ್ ನೀರು ಕುಡಿದು ಕರೆಂಟು ಸೋರುತ್ತಿದೆ ಎಂದು ಬೋರ್ಡನ್ನು ಎರಡು ದಿನ ಬಚ್ಚಲ ಒಲೆಯ ಪಕ್ಕ ಒಣಗಿಸಿದೆ. ಸೋರಿಕೆ ಅಲ್ಲೇ ಇತ್ತು, ಬೋರ್ಡು ಮಾತ್ರ ಹಪ್ಪಳದಂತೆ ಬಾಗಿತು. ಬೆಸುಗೆಯೆಲ್ಲ ಮತ್ತೆ ಹಾಕಿದೆ. ಮೀಟರಿನಲ್ಲಿ ಅಷ್ಟೂ ಡಯೋಡ್ ನೋಡಿದೆ. ಮುಂದಕ್ಕೆ 0.7, ಹಿಂದಕ್ಕೆ ಬಂದ್. ಎಲ್ಲವೂ ಸಾಧುಗಳು.

ಸುಳಿವು ಸಿಕ್ಕಿದ್ದು ಇನ್ನೊಂದು ತಪ್ಪು ಜೋಡಿಯಲ್ಲಿ. ಡ್ರೆಸಾಜ್ ತಂಡ ಮುಟ್ಟಿ 1982 ಮುಟ್ಟಿದರೆ ದೀಪ ಸತ್ತಂತೆ ಇರುತ್ತಿತ್ತು. ತೇವವಾಗಿದ್ದರೆ ಎರಡೂ ಕಡೆ ಸೋರಬೇಕಲ್ಲ? ಒಂದೇ ದಿಕ್ಕಿಗೆ ಸೋರುವುದೆಂದರೆ ಹಿಂದಕ್ಕೆ ಬಿಡುತ್ತಿರುವುದು ಒಂದೇ ಡಯೋಡ್, ‘ಚಿನ್ನ ಬಂದ ವರ್ಷ’ದಿಂದ 1982ಕ್ಕೆ ಹೋಗುವುದು. ಅದನ್ನು ಕಿತ್ತು ಭೂತಗನ್ನಡಿ ಹಿಡಿದೆ. ಗಾಜಿನ ಮೇಲೆ 4148 ಇರಲಿಲ್ಲ. ‘4ವಿ7’ ಇತ್ತು.

ಜೀನರ್! ನೋಡಲು ಅವಳಿಜವಳಿ, ಬುದ್ಧಿ ಬೇರೆ. 4.7 ವೋಲ್ಟಿನತನಕ ಹಿಂದಕ್ಕೆ ಬಾಗಿಲು ಹಾಕಿಕೊಂಡು, ಅದನ್ನು ದಾಟಿದರೆ ದಾರಿ ಬಿಡುವ ಜಾತಿ. ಈಗ ಲೆಕ್ಕ ನೋಡಿ. ಕಳ್ಳದಾರಿ ಟೆಂಟ್ ಪೆಗ್ಗಿಂಗಿನಿಂದ 1982ಕ್ಕೆ, ಹಿಂದಕ್ಕೆ ‘ಚಿನ್ನ ಬಂದ ವರ್ಷ’ಕ್ಕೆ, ಅಲ್ಲಿಂದ 2023ಕ್ಕೆ. ಅದರಲ್ಲಿ ಎರಡು ಮಾಮೂಲಿ ಡಯೋಡಿಗೆ 1.4, ಜೀನರಿಗೆ 4.7, ಕೆಂಪು ಎಲ್‌ಇಡಿಗೆ 1.9, ಕೂಡಿದರೆ 8. ಒಂಬತ್ತರಲ್ಲಿ ಇನ್ನೂ 1 ವೋಲ್ಟ್ ಮಿಕ್ಕಿತು, ಮಂಕು ಬೆಳಕಿಗೆ ಸಾಕು. 4.5 ವೋಲ್ಟ್ ಇದ್ದಾಗ ಜೀನರಿನ ಪಾಲಿಗೆ ಬರುತ್ತಿದ್ದದ್ದು 1.2. ಬಾಗಿಲು ಅಲುಗಾಡುವುದೂ ಇಲ್ಲ. ನನ್ನ ಮೀಟರಿನ ಡಯೋಡ್ ಪರೀಕ್ಷೆ 2 ವೋಲ್ಟಿನಾಚೆ ನೋಡುವುದೇ ಇಲ್ಲ, ಅದಕ್ಕೇ ಎಲ್ಲರೂ ಸಾಧುಗಳಾಗಿ ಕಂಡದ್ದು.

ಹಾಗಾಗಿ ಬೇರೆ ಪರೀಕ್ಷೆ ಕಟ್ಟಿದೆ: 9 ವೋಲ್ಟ್ ಬ್ಯಾಟರಿ, 1 ಕಿಲೋ ಓಮ್ ರೆಸಿಸ್ಟರ್, ಒಂದು ಎಲ್‌ಇಡಿ, ಎರಡು ಮೊಸಳೆ ಕ್ಲಿಪ್. ಡಯೋಡನ್ನು ತಿರುಗುಮುರುಗಾಗಿ ಕಚ್ಚಿಸು, ದೀಪ ಬಂದರೆ ಹೊರಗೆ ಹಾಕು. ಬೋರ್ಡಿನ 22ರಲ್ಲಿ 5 ಜೀನರ್. ನಾಲ್ಕು ಒಂಟಿ ಉತ್ತರದ ತಂತಿಗಳಲ್ಲಿದ್ದವು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಪೊಟ್ಟಣದಲ್ಲಿ ಉಳಿದ 78ರಲ್ಲಿ ಇನ್ನೂ 18. ಮಾರಿದವರಿಗೆ ಫೋಟೋ ಸಮೇತ ಬರೆದೆ. "ಎರಡೂ ಡಯೋಡೇ ಅಲ್ವಾ ಸರ್" ಎಂದು ಉತ್ತರ ಬಂತು. ಇಂಥವರು ಕುದುರೆ ವ್ಯಾಪಾರಕ್ಕೆ ಇಳಿಯದಿದ್ದದ್ದು ಪುಣ್ಯ, ಕತ್ತೆ ಕಳಿಸಿ "ನಾಲ್ಕೇ ಕಾಲು ಅಲ್ವಾ ಸರ್" ಎನ್ನುತ್ತಿದ್ದರು.

ಈ ನಡುವೆ ಮುಂದಿನ ಬೋರ್ಡಿನ ಹುಳ ಹೊಕ್ಕಿದೆ. 60 ಮೀಟರಿನ ಡ್ರೆಸಾಜ್ ಅಂಗಳದ ಸುತ್ತ ಹನ್ನೆರಡು ಅಕ್ಷರ: ಎ, ಕೆ, ವಿ, ಇ, ಎಸ್, ಎಚ್, ಸಿ, ಎಂ, ಆರ್, ಬಿ, ಪಿ, ಎಫ್. ನಟ್ಟನಡುವೆ ಎಕ್ಸ್. ಆ ಕ್ರಮಕ್ಕೆ ತಲೆಬುಡವಿಲ್ಲ, ಬಾಯಿಪಾಠಕ್ಕೆ ಒಗ್ಗುವುದಿಲ್ಲ. ಅಂಗಳವನ್ನು 1ಕ್ಕೆ 100ರ ಅಳತೆಯಲ್ಲಿ, ಅಂದರೆ 60 ಸೆಂಟಿಮೀಟರ್ ಉದ್ದಕ್ಕೆ ಮಾಡಿ, ಪ್ರತಿ ಅಕ್ಷರದ ಕೆಳಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಗಾಜಿನ ಸ್ವಿಚ್), ಹೊಟ್ಟೆಯಲ್ಲಿ ಅಯಸ್ಕಾಂತವಿರುವ ಮರದ ಕುದುರೆ. "ಎಚ್‌ನಿಂದ ಎಕ್ಸ್ ದಾಟಿ ಎಫ್‌ಗೆ" ಎಂದು ಚೀಟಿ ಬಂದರೆ ಹಾಗೇ ನಡೆಸಬೇಕು, ತಪ್ಪಿದರೆ ಬಝರ್. ಕುದುರೆಗೆ ಚದುರಂಗದ್ದೇ ಸಾಕು, ಮನೆಯಲ್ಲಿ ಬಿಳಿ ಕುದುರೆ ಕಾಣೆಯಾದರೆ ನನ್ನನ್ನು ಕೇಳಬೇಡಿ. ರೀಡ್ ಸ್ವಿಚ್ಚಿನ ಗಾಜು ಬೆಸುಗೆ ಹಾಕುವಾಗ ಒಡೆಯದಂತೆ ಕಾಲು ಬಗ್ಗಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ, ನಾಲ್ಕು ಆಗಲೇ ಪುಡಿಯಾಗಿವೆ.

ಕುದುರೆ ಬೋರ್ಡು ಸದ್ಯಕ್ಕೆ ಬಾಗಿಕೊಂಡೇ ಸತ್ಯ ಹೇಳುತ್ತಿದೆ. ಇವತ್ತು ಬೆಳಿಗ್ಗೆ ಹುಡುಗಿ ಕಡ್ಡಿಗಳನ್ನು ಅದಲುಬದಲು ಹಿಡಿದು ಹದಿನಾರಕ್ಕೆ ಹದಿನಾರೂ ತಪ್ಪು ಮಾಡಿಕೊಂಡಳು. ಕೆಂಪು ಕಡ್ಡಿಗೆ ‘ಪ್ರ’, ಕಪ್ಪಿಗೆ ‘ಉ’ ಎಂದು ಬರೆದು ಅಂಟಿಸಿದ್ದೇನೆ.

4.7 ವೋಲ್ಟಿನ ಜೀನರ್ 23 ಇವೆ, ಎಲ್ಲವೂ ಪರೀಕ್ಷಿಸಿದವು. ಬೇಕಾದವರು ತಿಳಿಸಿ, ಅಂಚೆ ಖರ್ಚು ನನ್ನದೇ.